ಅಟ್ಟ ಕೂರಬೇಕು, ನೇತಾಡಬಾರದು: ಶಿವಮೊಗ್ಗದ ಒಂದು ಕಾರ್ ಶೆಡ್ಡಿನ ಪ್ರಕರಣ

ಮನೆ ತೊಂಬತ್ತರ ದಶಕದ್ದು. ಶಿವಮೊಗ್ಗದ ಹಳೆಯ ಬಡಾವಣೆಯೊಂದರಲ್ಲಿದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಕಾರ್ ಶೆಡ್ ಮಾತ್ರ ಆಮೇಲೆ ಸೇರಿಸಿದ್ದು. ಮನೆಯ ಪಕ್ಕದ ಖಾಲಿ ಜಾಗಕ್ಕೆ ಕಬ್ಬಿಣದ ಪೈಪ್ ಹಾಕಿ, ಶೀಟ್ ಹೊದಿಸಿ, ಮುಂದೆ ಗೇಟ್ ಇಟ್ಟಿದ್ದಾರೆ. ಒಳಗಿನ ಅಗಲ 11 ಅಡಿ, ಉದ್ದ 20 ಅಡಿ. ಒಂದು ಕಡೆ ಮನೆಯ ಗೋಡೆ. ಇನ್ನೊಂದು ಕಡೆ ಮತ್ತು ಹಿಂದೆ ನಾಲ್ಕು ಇಂಚಿನ ಸಾಲಿಡ್ ಬ್ಲಾಕ್‌ನ ಕಾಂಪೌಂಡ್ ಗೋಡೆಯನ್ನೇ ಎತ್ತರಿಸಿದ್ದಾರೆ. ಶೀಟು ಮನೆಯ ಕಡೆ ಹನ್ನೊಂದು ಅಡಿ ಎತ್ತರ, ಕಾಂಪೌಂಡ್ ಕಡೆ ಒಂಬತ್ತೂವರೆ. ಪಕ್ಕದಲ್ಲಿ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ಹೀಗೆ ಕಟ್ಟಬಹುದಾ ಅನ್ನುವುದು ಬೇರೆಯೇ ಕಥೆ. ಊರಲ್ಲಿ ಅರ್ಧ ಮನೆಗಳ ಕಥೆಯೂ ಅದೇ ಬಿಡಿ.

ಮನೆಯ ಯಜಮಾನರನ್ನು ಇಲ್ಲಿ ರಾಯರು ಅಂತಷ್ಟೇ ಕರೆಯುತ್ತೇನೆ. ನಿವೃತ್ತರು. ಊರ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ಅವರಿಗೆ ಶೆಡ್ಡಿನ ಹಿಂಭಾಗದಲ್ಲಿ, ಕಾರಿನ ಬಾನೆಟ್ ಮೇಲೆ ಬರುವ ಹಾಗೆ ಒಂದು ಅಟ್ಟ ಬೇಕಿತ್ತು. ಮನೆಯೊಳಗಿನ ಸಜ್ಜಾಗಳೆಲ್ಲ ತುಂಬಿ ಹೋಗಿದ್ದವು. ದಸರಾ ಗೊಂಬೆಗಳ ಪೆಟ್ಟಿಗೆ, ತಾಮ್ರದ ಹಂಡೆ, ಮಗನ ಇಂಜಿನಿಯರಿಂಗ್ ಪುಸ್ತಕ, ಟ್ರಂಕು, ಸೂಟ್‌ಕೇಸುಗಳು. ಇವುಗಳ ಜೊತೆಗೆ, ರೇಟು ಬರಲಿ ಅಂತ ಹಿಡಿದಿಟ್ಟುಕೊಂಡಿದ್ದ ಆರು ಚೀಲ ಅಡಿಕೆ. ಇದನ್ನು ರಾಯರು ಮೊದಲ ದಿನ ಹೇಳಿರಲಿಲ್ಲ.

ಇಂಜಿನಿಯರ್ ಅಂತ ನನ್ನನ್ನು ಕರೆಸಿದ್ದು ಅವರ ಮನೆಯವರು, ಅಂದರೆ ಹೆಂಡತಿ. ವೆಲ್ಡಿಂಗ್ ಅಂಗಡಿಯವನು ಬಂದು ಅಳತೆ ತೆಗೆದುಕೊಂಡು, ಒಂದು ದಿನದಲ್ಲಿ ಮುಗಿಸಿ ಕೊಡ್ತೀನಿ ಅಂದಿದ್ದ. ಅವರಿಗೆ ಅದು ಸರಿ ಅನ್ನಿಸಿರಲಿಲ್ಲ. "ಇವರು ದಿನಾ ಅದರ ಕೆಳಗೇ ನಿಂತು ಕಾರು ಒರೆಸ್ತಾರೆ. ನೀವೊಂದು ಸಲ ನೋಡಿ ಹೇಳಿ" ಅಂದರು.

ರಾಡಿನ ವಾದ

ವೆಲ್ಡಿಂಗ್‌ನವನ ಯೋಜನೆ ಸರಳ. ಶೀಟಿನ ಅಡ್ಡ ಪೈಪುಗಳಿಂದ ಹತ್ತು ಮಿಲಿಮೀಟರಿನ ನಾಲ್ಕು ರಾಡ್ ಇಳಿಬಿಡುವುದು, ಕೆಳಗೆ ಆಂಗಲ್‌ನ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಚೌಕಟ್ಟು ಕಟ್ಟುವುದು, ಮೇಲೆ ಪ್ಲೈವುಡ್ ಹಾಸುವುದು. ಗೋಡೆ ಮುಟ್ಟುವ ಹಾಗಿಲ್ಲ, ನೆಲ ಅಗೆಯುವ ಹಾಗಿಲ್ಲ. ನಾನು ಪ್ರಶ್ನೆ ಕೇಳಿದಾಗ ಅವನು ಸಿಟ್ಟಾಗಲಿಲ್ಲ, ನಕ್ಕ. "ಸರ್, ಹತ್ತು ಎಂಎಂ ರಾಡು ಒಂದು ಟನ್ ಎತ್ತುತ್ತೆ. ನಾಲ್ಕು ರಾಡ್ ಹಾಕ್ತಾ ಇದೀನಿ. ಇವರ ಗೊಂಬೆ ಪೆಟ್ಟಿಗೆಗೆ ಇನ್ನೆಷ್ಟು ಬೇಕು?"

ಅವನ ಲೆಕ್ಕ ಸರಿಯೇ ಇತ್ತು. ಮಾಮೂಲಿ ಮೈಲ್ಡ್ ಸ್ಟೀಲಿನ ಹತ್ತು ಮಿಲಿಮೀಟರ್ ರಾಡು ಎಳೆತದಲ್ಲಿ ಒಂದು ಟನ್‌ನಷ್ಟು ಭಾರವನ್ನು ಆರಾಮಾಗಿ ತಡೆಯುತ್ತದೆ. ಆದರೆ ರಾಡು ತಾನು ಹಿಡಿದ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತದೆ ಅಷ್ಟೇ. ಇಲ್ಲಿ ಆ ಇನ್ನೊಂದು ಯಾವುದು? ಶೀಟ್ ಹೊರುವ 60×40 ಪೈಪು. ಎರಡು ಮಿಲಿಮೀಟರ್ ದಪ್ಪ, 11 ಅಡಿ ಉದ್ದ. ಅದನ್ನು ಹಾಕಿದ್ದು ಶೀಟಿಗೆ, ಗಾಳಿಗೆ, ಯಾವಾಗಲೋ ಒಮ್ಮೆ ಸೋರಿಕೆ ನೋಡಲು ಹತ್ತುವ ಮನುಷ್ಯನಿಗೆ.

ಅಟ್ಟ ತುಂಬಿದಾಗ ಪ್ರತಿ ರಾಡಿಗೆ 350 ಕೆಜಿ ಬರುತ್ತದೆ ಅಂತ ಇಟ್ಟುಕೊಳ್ಳೋಣ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಮುಂದೆ ಹೇಳುತ್ತೇನೆ. ರಾಡು ಗೋಡೆಯಿಂದ ಎರಡಡಿ ಒಳಗಿದ್ದರೆ ಪೈಪಿನ ಮೇಲೆ ಬೀಳುವ ಬಾಗಿಸುವ ಒತ್ತಡ, ಆ ಪೈಪಿನ ಸುರಕ್ಷಿತ ಮಿತಿಯ ಎರಡು ಪಟ್ಟು ಆಗುತ್ತದೆ. ಅದೂ ಶೀಟಿನ ಸ್ವಂತ ಭಾರ ಬಿಟ್ಟು.

ಇಲ್ಲಿ ಇನ್ನೊಂದು ಸಂಗತಿ ಇದೆ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಬರೀ ಗೊಂಬೆ, ಹಂಡೆ, ಪುಸ್ತಕ ಇಟ್ಟಿದ್ದರೆ ಈ ಅಟ್ಟ ನಿಲ್ಲುತ್ತಿತ್ತು. ಆ ಭಾರಕ್ಕೆ ಪೈಪು ತನ್ನ ಶಕ್ತಿಯ ಅರ್ಧ ದಾಟುತ್ತಿತ್ತು ಅಷ್ಟೇ. ಆರು ತಿಂಗಳು ಏನೂ ಆಗದೇ ಇದ್ದಾಗ "ನೋಡಿ, ಗಟ್ಟಿಯಾಗಿದೆ" ಅಂತ ಅಡಿಕೆ ಚೀಲವೂ ಮೇಲೇರುತ್ತಿತ್ತು. ಆಗಲೂ ಬೀಳುತ್ತಿರಲಿಲ್ಲ. ಪೈಪು ಸ್ವಲ್ಪ ಬಾಗುತ್ತಿತ್ತು. ಶೀಟಿನ ಇಳಿಜಾರು ತಪ್ಪಿ ಆ ತಗ್ಗಿನಲ್ಲಿ ಮಳೆ ನೀರು ನಿಲ್ಲುತ್ತಿತ್ತು, ನೀರಿನ ಭಾರಕ್ಕೆ ಇನ್ನೂ ಬಾಗುತ್ತಿತ್ತು. ಮಲೆನಾಡಿನ ಜುಲೈ ಮಳೆಯಲ್ಲಿ ಯಾರೋ ಸೋರಿಕೆ ನೋಡಲು ಮೇಲೆ ಹತ್ತುತ್ತಾರೆ. ಕೆಳಗೆ ರಾಯರು ಕಾರು ಒರೆಸುತ್ತಿರುತ್ತಾರೆ.

ಹಾಕಿದ ದಿನವೇ ಬೀಳುವ ಅಟ್ಟದಿಂದ ಯಾರಿಗೂ ಪೆಟ್ಟಾಗುವುದಿಲ್ಲ. ನಿಲ್ಲುವ ಹಾಗೆ ಕಾಣುವ ಅಟ್ಟದ್ದೇ ಭಯ.

ರಾಯರ ಮಗ ಬೆಂಗಳೂರಿನಿಂದ ಫೋನಿನಲ್ಲಿ ಇನ್ನೊಂದು ಸಲಹೆ ಕೊಟ್ಟ. ಆನ್‌ಲೈನಿನಲ್ಲಿ ಛಾವಣಿಗೆ ಬಿಗಿಯುವ ರೆಡಿಮೇಡ್ ರ‍್ಯಾಕ್ ಸಿಗುತ್ತದೆ, 250 ಕೆಜಿ ತಡೆಯುತ್ತದೆ ಅಂತ ಅದರಲ್ಲೇ ಬರೆದಿದ್ದಾರೆ, ಅದನ್ನೇ ತರಿಸಿ ಅಂದ. ಆ 250 ಕೆಜಿ ರ‍್ಯಾಕಿನ ಶಕ್ತಿ. ರ‍್ಯಾಕನ್ನು ಬಿಗಿಯುವ ಛಾವಣಿಗೂ ಅಷ್ಟು ಶಕ್ತಿ ಇದೆ ಅಂತ ಡಬ್ಬದ ಮೇಲೆ ಬರೆದವರು ಭರವಸೆ ಕೊಟ್ಟಿಲ್ಲ. ಒಳ್ಳೆಯ ಆರ್‌ಸಿಸಿ ಸ್ಲ್ಯಾಬ್ ಇದ್ದರೆ ಯೋಚಿಸಬಹುದಿತ್ತು. ಶೀಟಿನ ಶೆಡ್ಡಿಗೆ ಆಗುವುದಿಲ್ಲ.

ಊರಿನ ಮನೆಯ ಅಟ್ಟ

ರಾಯರಿಗೆ ಇದನ್ನೆಲ್ಲ ಲೆಕ್ಕದಲ್ಲಿ ಹೇಳಿದರೆ ತಲೆ ಅಲ್ಲಾಡಿಸಿದರು, ಒಪ್ಪಲಿಲ್ಲ. "ಸುಮ್ನೆ ಖರ್ಚು ಹೆಚ್ಚಿಸ್ತಾ ಇದೀರಿ ಇಂಜಿನಿಯರ್ರೇ" ಅಂದರು. ಆಗ ಅವರ ಊರಿನ ಮನೆಯ ಬಗ್ಗೆ ಕೇಳಿದೆ. ಹಳೆಯ ಮಲೆನಾಡ ಮನೆ. ಅಟ್ಟದ ತುಂಬ ಅಡಿಕೆ ಇಡುತ್ತಿದ್ದ ಮನೆ. ಅಲ್ಲಿ ಅಟ್ಟವನ್ನು ಯಾವುದು ಹೊತ್ತಿದೆ ಅಂತ ಕೇಳಿದೆ.

"ತೊಲೆ."

ತೊಲೆ ಯಾವುದರ ಮೇಲಿದೆ?

"ಗೋಡೆ ಮೇಲೆ. ನಡುವೆ ಎರಡು ಕಂಬ ಇದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು. "ಮಾಡಿನಿಂದ ಏನೂ ಕಟ್ಟಿಲ್ಲ. ಮಾಡು ತೆಗೆದು ಹೆಂಚು ಬದಲಾಯಿಸಿದಾಗಲೂ ಅಟ್ಟ ಹಾಗೇ ಇತ್ತು."

ಹಳೆಯ ಬಡಗಿಗಳು ಮಾಡುತ್ತಿದ್ದದ್ದೇ ಅದು. ತೊಲೆಯನ್ನು ಗೋಡೆಯೊಳಗೆ ಕೂರಿಸುವುದು, ತೊಲೆಯ ಮೇಲೆ ಅಡ್ಡಡ್ಡ ಜಂತೆ, ಜಂತೆ ಮೇಲೆ ಹಲಗೆ. ಭಾರ ಹಲಗೆಯಿಂದ ಜಂತೆಗೆ, ಜಂತೆಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ಪಾಯಕ್ಕೆ ಇಳಿಯುತ್ತದೆ. ಎಲ್ಲೂ ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬರುವುದಿಲ್ಲ. ನಾವು ಮಾಡಿದ್ದೂ ಇಷ್ಟೇ. ಮರದ ಜಾಗಕ್ಕೆ ಕಬ್ಬಿಣ ಬಂತು.

ತೂಕ

ಮೊದಲು ಸಾಮಾನು ತೂಗಿದೆವು. ಸ್ನಾನದ ಮನೆಯ ಹೊರಗಿದ್ದ ತೂಕದ ಯಂತ್ರವೇ ಸಾಕಾಯಿತು. ಪೆಟ್ಟಿಗೆ ಹಿಡಿದು ನಿಂತು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನೋಡಿ ಕಳೆಯುವುದು. ಗೊಂಬೆ ಪೆಟ್ಟಿಗೆಗಳು ನೋಡಲು ದೊಡ್ಡವು, ತೂಕ ಕಡಿಮೆ. ಪುಸ್ತಕದ ರಟ್ಟಿನ ಡಬ್ಬಗಳು ಚಿಕ್ಕವು, ಒಂದೊಂದೂ 35 ಕೆಜಿ. ಇದು ಎಲ್ಲ ಮನೆಯಲ್ಲೂ ಹೀಗೆಯೇ. ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ಡಬ್ಬದಲ್ಲಿ ಪುಸ್ತಕ ಒತ್ತಿ ತುಂಬಿದರೆ 60 ಕೆಜಿ ದಾಟುತ್ತದೆ. ಎಲ್ಲ ಸೇರಿ 310 ಕೆಜಿ ಆಯಿತು.

ಅಡಿಕೆಯ ಮಾತು ಬಂದದ್ದು ಆಗ. "ಅದನ್ನೂ ಬರ್ಕೊಳ್ಳಿ" ಅಂತ ಒಳಗಿನಿಂದ ಅವರ ಮನೆಯವರು ಕೂಗಿ ಹೇಳಿದರು. ಒಂದು ಚೀಲ 65 ಕೆಜಿ. ಆರು ಚೀಲ ಅಂದರೆ 390. ಒಟ್ಟು 700 ಕೆಜಿ.

ಆದರೆ ಇವತ್ತಿನ ಸಾಮಾನಿಗೆ ಲೆಕ್ಕ ಹಾಕಿ ಅಟ್ಟ ಕಟ್ಟುವ ಹಾಗಿಲ್ಲ. ಖಾಲಿ ಜಾಗ ಕಂಡರೆ ಮನೆಯವರು ತುಂಬಿಯೇ ತುಂಬುತ್ತಾರೆ. ಮನೆಗಳಲ್ಲಿ ಸಾಮಾನು ಕೋಣೆಗೆ ಎಷ್ಟು ಭಾರ ಹಿಡಿಯಬೇಕು ಅಂತ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುತ್ತದೆ: ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆಜಿ. ಮಲಗುವ ಕೋಣೆಗೆ ಹಿಡಿಯುವುದಕ್ಕಿಂತ ಒಂದೂವರೆ ಪಟ್ಟು. ಅಟ್ಟ ಸಾಮಾನು ಕೋಣೆಯೇ ಅಲ್ವಾ? ಅದನ್ನೇ ಹಿಡಿದೆ.

ಅಟ್ಟದ ಅಗಲ ನಾಲ್ಕು ಅಡಿ ಇಟ್ಟೆ. ರಾಯರಿಗೆ ಆರಡಿ ಬೇಕಿತ್ತು. ನಾಲ್ಕಕ್ಕೆ ಎರಡು ಕಾರಣ. ಪ್ಲೈವುಡ್ ಹಾಳೆ ಬರುವುದು ಎಂಟಕ್ಕೆ ನಾಲ್ಕರ ಅಳತೆಯಲ್ಲಿ, ಉದ್ದುದ್ದ ಸೀಳುವ ಕೆಲಸ ಇರುವುದಿಲ್ಲ. ಎರಡನೆಯದು ಮುಖ್ಯ. ಏಣಿ ಮೇಲೆ ನಿಂತವರ ಕೈ ಎರಡೂವರೆ ಅಡಿಗಿಂತ ಜಾಸ್ತಿ ಒಳಗೆ ಹೋಗುವುದಿಲ್ಲ. ಆರಡಿ ಅಟ್ಟವಾದರೆ ಹಿಂದಿನ ಸಾಮಾನು ತೆಗೆಯಲು ಒಳಗೆ ತೆವಳಲೇಬೇಕು. ಅರವತ್ತೈದು ದಾಟಿದವರು ಏಳಡಿ ಎತ್ತರದಲ್ಲಿ, ಕಾದ ಶೀಟಿನ ಕೆಳಗೆ ಮಂಡಿಯೂರಿ ತೆವಳುವ ಹಾಗೆ ನಾನು ಕಟ್ಟಿಕೊಡುವುದಿಲ್ಲ ಅಂದೆ. ಅದಕ್ಕೆ ಅವರ ಮನೆಯವರ ಬೆಂಬಲ ತಕ್ಷಣ ಸಿಕ್ಕಿತು.

11 ಅಡಿಗೆ 4 ಅಡಿ ಅಂದರೆ ನಾಲ್ಕು ಚದರ ಮೀಟರ್ ಚಿಲ್ಲರೆ. ಸಾಮಾನಿನ ಭಾರ 1,200 ಕೆಜಿ ಹಿಡಿಯಬೇಕು. ಕಬ್ಬಿಣ ಮತ್ತು ಪ್ಲೈವುಡ್‌ನ ಸ್ವಂತ ತೂಕ ಚದರ ಮೀಟರಿಗೆ ಸುಮಾರು 40 ಕೆಜಿ. ಎಲ್ಲ ಸೇರಿಸಿ ನಾಲ್ಕು ಮೂಲೆಗೆ ಹಂಚಿದರೆ ಒಂದೊಂದಕ್ಕೆ 350 ಕೆಜಿ. ಮೊದಲು ಹೇಳಿದ ಸಂಖ್ಯೆ ಇದೇ.

75 ಸಾಕಿತ್ತು, 100 ಹಾಕಿದೆವು

ತೊಲೆಯ ಜಾಗಕ್ಕೆ ಸಿ ಚಾನೆಲ್, ಅಂದರೆ ಇಂಗ್ಲಿಷಿನ ಸಿ ಅಕ್ಷರದ ಆಕಾರದ ಉಕ್ಕಿನ ತೊಲೆ. ಹಿಂದೊಂದು, ಮುಂದೊಂದು. ಎರಡೂ ಮನೆಯ ಗೋಡೆಯಿಂದ ಕಾಂಪೌಂಡ್ ಕಡೆಗೆ ಅಡ್ಡಲಾಗಿ ಹೋಗುತ್ತವೆ. ಅಂಗಡಿಯಲ್ಲಿ 75 ಮಿಲಿಮೀಟರ್ ಚಾನೆಲ್ ಸಿಗುತ್ತದೆ, ಮೀಟರಿಗೆ ಏಳು ಕೆಜಿ ಚಿಲ್ಲರೆ. 100 ಮಿಲಿಮೀಟರಿನದೂ ಸಿಗುತ್ತದೆ, ಮೀಟರಿಗೆ ಒಂಬತ್ತೂವರೆ ಕೆಜಿ. ಕಬ್ಬಿಣವನ್ನು ತೂಕಕ್ಕೆ ಮಾರುತ್ತಾರೆ, ಹಾಗಾಗಿ ಎಲ್ಲರೂ 75 ಕೇಳುತ್ತಾರೆ.

ಮುರಿಯುತ್ತದಾ ಅಂತ ಮಾತ್ರ ನೋಡಿದರೆ 75 ಪಾಸಾಗುತ್ತದೆ. ಪೂರ್ತಿ ಭಾರ ಇಟ್ಟರೂ ಸುರಕ್ಷಿತ ಮಿತಿಯೊಳಗೇ ಇರುತ್ತದೆ, ಅಂಚಿನಲ್ಲಿ. ಆದರೆ ಬಾಗುವುದು ಎಷ್ಟು ಅಂತ ಲೆಕ್ಕ ಹಾಕಿದರೆ ನಡುವೆ 25 ಮಿಲಿಮೀಟರ್ ತಗ್ಗುತ್ತದೆ. ಒಂದು ಇಂಚು! ಉಕ್ಕಿನ ಕಟ್ಟಡದ ಮಾನಕ ಐಎಸ್ 800ರ ಪ್ರಕಾರ ಇಂಥ ತೊಲೆ ತನ್ನ ಉದ್ದದ 300ನೇ ಒಂದು ಭಾಗಕ್ಕಿಂತ ಜಾಸ್ತಿ ಬಾಗಬಾರದು. ಇಲ್ಲಿ ಅದು 12 ಮಿಲಿಮೀಟರಿಗೆ ಹತ್ತಿರ. 100ರ ಚಾನೆಲ್ ಬಾಗುವುದು 10 ಚಿಲ್ಲರೆ. ತೂಕ ಮೂರನೇ ಒಂದು ಭಾಗ ಜಾಸ್ತಿ ಕೊಟ್ಟರೆ ಬಾಗು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಎತ್ತರ ಹೆಚ್ಚಾದಷ್ಟೂ ತೊಲೆ ಬಾಗುವುದಕ್ಕೆ ಒಪ್ಪುವುದಿಲ್ಲ. ಅಡಿಪಟ್ಟಿಯನ್ನು ಅಡ್ಡ ಹಿಡಿದು ಬಗ್ಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ ನೋಡಿ, ಗೊತ್ತಾಗುತ್ತದೆ.

ಒಂದು ಇಂಚು ಬಾಗಿದರೆ ಏನಂತೆ, ಮುರಿಯುವುದಿಲ್ಲವಲ್ಲ ಅಂತ ಕೇಳಬಹುದು. ಬಾಗಿದ ಅಟ್ಟದ ಮೇಲೆ ಸಾಮಾನು ನಡುವಿಗೆ ಜಾರುತ್ತದೆ, ಭಾರ ಅಲ್ಲೇ ಸೇರುತ್ತದೆ. ಪ್ಲೈವುಡ್‌ನ ಸ್ಕ್ರೂ ಸಡಿಲಾಗುತ್ತದೆ. ಗೋಡೆಯೊಳಗಿನ ತುದಿ ಓರೆಯಾಗಿ ಇಟ್ಟಿಗೆಯ ಅಂಚನ್ನು ಒತ್ತುತ್ತದೆ. ಮನೆಯವರಿಗಂತೂ ಅದರ ಕೆಳಗೆ ನಿಲ್ಲಲು ಧೈರ್ಯ ಬರುವುದಿಲ್ಲ.

ಎರಡು ಗೋಡೆ, ಎರಡು ನ್ಯಾಯ

ಮನೆಯ ಗೋಡೆ ಒಂಬತ್ತು ಇಂಚಿನ ಇಟ್ಟಿಗೆ, ಭಾರ ಹೊರುವ ಗೋಡೆಯೇ. ಅದರಲ್ಲಿ ಆರು ಇಂಚು ಆಳದ ಎರಡು ಗೂಡು ಕೊರೆದೆವು. ಸುತ್ತ ಗ್ರೈಂಡರಿನಿಂದ ಗೆರೆ ಹಾಕಿ, ಒಳಗಿನದನ್ನು ಉಳಿ ಸುತ್ತಿಗೆಯಲ್ಲಿ ನಿಧಾನವಾಗಿ ತೆಗೆದದ್ದು. ಗೋಡೆ ಒಡೆಯುವ ಬ್ರೇಕರ್ ಯಂತ್ರ ತಂದರೆ ಹತ್ತು ನಿಮಿಷದ ಕೆಲಸ ಅಂತ ಮೇಸ್ತ್ರಿ ಹೇಳಿದ. ಹಳೆಯ ಗೋಡೆಯ ಗಾರೆ ಆ ಗಡಗಡಕ್ಕೆ ಸಡಿಲಾಗುತ್ತದೆ, ಬೇಡ ಅಂದೆ. ಕಿಟಕಿ ಲಿಂಟಲ್ಲಿನ ತುದಿ ಎಲ್ಲಿದೆ, ಕರೆಂಟಿನ ಪೈಪ್ ಎಲ್ಲಿ ಇಳಿದಿದೆ ಅಂತ ಮೊದಲೇ ಗುರುತು ಮಾಡಿಕೊಂಡಿದ್ದೆವು. ಗೂಡಿನ ತಳಕ್ಕೆ ಸಣ್ಣ ಜಲ್ಲಿಯ ಕಾಂಕ್ರೀಟ್ ಹಾಕಿ ಲೆವೆಲ್ ಮಾಡಿ, ಒಂದು ವಾರ ನೀರು ಹಾಕಿ ಬಿಟ್ಟೆವು. ಚಾನೆಲ್ ಬರಿ ಇಟ್ಟಿಗೆಯ ಮೇಲೆ ಕೂತರೆ ಭಾರ ಒಂದೆರಡು ಇಟ್ಟಿಗೆಯ ಅಂಚಿಗೇ ಬೀಳುತ್ತದೆ. ಕಾಂಕ್ರೀಟಿನ ಹಾಸು ಇದ್ದರೆ ಹರಡುತ್ತದೆ.

ಕಾಂಪೌಂಡ್ ಕಡೆ ಬೇರೆಯೇ ಕಥೆ. ನಾಲ್ಕು ಇಂಚಿನ ಬ್ಲಾಕ್ ಗೋಡೆ ನಿಂತಿರುವುದೇ ತನ್ನ ತೂಕಕ್ಕೆ. ಅದರೊಳಗೆ ಗೂಡು ಕೊರೆದರೆ ಉಳಿಯುವುದು ಎರಡು ಇಂಚು. ಆಂಕರ್ ಬೋಲ್ಟ್ ಹಾಕಿ ಬ್ರಾಕೆಟ್ ಬಿಗಿದರೆ ಭಾರ ಗೋಡೆಯ ಮುಖದಿಂದ ಹೊರಗೆ ನೇತಾಡುತ್ತದೆ, ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಆ ಕಡೆ ಪಕ್ಕದ ಮನೆಯವರ ಅಂಗಳ ಬೇರೆ. ಆದ್ದರಿಂದ ಆ ಗೋಡೆಯನ್ನು ಮುಟ್ಟುವುದೇ ಬೇಡ ಅಂತ ತೀರ್ಮಾನ. ಗೋಡೆಯಿಂದ ಒಂದು ಇಂಚು ಬಿಟ್ಟು ಎರಡು ಕಂಬ ನಿಲ್ಲಿಸಿದೆವು. 60×60ರ ಸ್ಕ್ವೇರ್ ಪೈಪು, ಮೂರು ಮಿಲಿಮೀಟರ್ ದಪ್ಪ. 350 ಕೆಜಿಗೆ ಇದು ಬೇಕಾದ್ದಕ್ಕಿಂತ ಜಾಸ್ತಿಯೇ. ಕಾರು ತಾಗಬಹುದಾದ ಕಂಬಕ್ಕೆ ಜಿಪುಣತನ ಬೇಡ.

ಕಂಬದ ಬುಡದಲ್ಲಿ ಒಂದು ತಕರಾರು ಎದ್ದಿತು. ಶೆಡ್ಡಿನ ನೆಲ ಕಾಂಕ್ರೀಟು, ಬೇಸ್ ಪ್ಲೇಟ್ ಇಟ್ಟು ಆಂಕರ್ ಹೊಡೆದರೆ ಸಾಕು ಅಂತ ವೆಲ್ಡಿಂಗ್‌ನವನ ಅಭಿಪ್ರಾಯ. (ರಾಡಿನ ಯೋಜನೆ ಕೈಬಿಟ್ಟ ಮೇಲೂ ಕೆಲಸ ಅವನದೇ. ಒಳ್ಳೆಯ ಕೈ.) ಸುತ್ತಿಗೆಯ ಹಿಡಿಯಿಂದ ನೆಲ ಬಡಿಯುತ್ತಾ ಹೋದೆ. ಕಾರಿನ ಚಕ್ರ ಓಡಾಡುವ ಕಡೆ ಗಟ್ಟಿ ಶಬ್ದ. ಹಿಂದಿನ ಮೂಲೆಯಲ್ಲಿ ಡಬಡಬ ಅಂದಿತು. ಕೆಳಗೆ ತುಂಬಿದ ಮಣ್ಣು ಕುಸಿದು ಕಾಂಕ್ರೀಟಿನ ಅಡಿ ಪೊಳ್ಳಾಗಿತ್ತು. ಎರಡೂ ಕಂಬದ ಜಾಗದಲ್ಲಿ ನೆಲ ಕತ್ತರಿಸಿ, ಒಂದೂವರೆ ಅಡಿ ಚೌಕದ ಗುಂಡಿ ತೋಡಿ, ಗಟ್ಟಿ ಮಣ್ಣು ಸಿಕ್ಕ ಮೇಲೆ ಕಾಂಕ್ರೀಟ್ ತುಂಬಿದೆವು. ಅದರ ಮೇಲೆ ಎಂಟು ಮಿಲಿಮೀಟರಿನ ಪ್ಲೇಟು, ನಾಲ್ಕು ಬೋಲ್ಟು.

ಕಂಬಗಳು ಸೈಡಿಗೆ ವಾಲದ ಹಾಗೆ ಎರಡರ ನಡುವೆ ಒಂದು ಓರೆ ಆಂಗಲ್ ಹಾಕಿದೆವು. ಇದನ್ನು ಬಹಳ ಜನ ಬಿಟ್ಟೇ ಬಿಡುತ್ತಾರೆ. ಓರೆ ಪಟ್ಟಿ ಇಲ್ಲದ ಚೌಕ ತಳ್ಳಿದರೆ ವಾಲುತ್ತದೆ. ಇನ್ನೊಂದು ದಿಕ್ಕಿಗೆ ಚಾನೆಲ್ಲಿನ ತುದಿ ಮನೆಯ ಗೋಡೆಯೊಳಗೆ ಭದ್ರವಾಗಿ ಇರುವುದರಿಂದ ತೊಂದರೆ ಇಲ್ಲ.

ಜಂತೆಯ ಜಾಗಕ್ಕೆ 40×40ರ ಪೈಪು, 16 ಇಂಚಿಗೊಂದು. ಎಂಟಡಿ ಪ್ಲೈವುಡ್ ಹಾಳೆಯಲ್ಲಿ 16 ಇಂಚು ಆರು ಸಲ ಸರಿಯಾಗಿ ಕೂರುತ್ತದೆ. ಹಾಗಾಗಿ ಎರಡು ಹಾಳೆ ಸೇರುವ ಜಾಗ ಯಾವಾಗಲೂ ಪೈಪಿನ ಮೇಲೆಯೇ ಬರುತ್ತದೆ. ಪ್ಲೈವುಡ್ 19 ಮಿಲಿಮೀಟರ್, ನೀರು ತಡೆಯುವ ದರ್ಜೆಯದು. ಶಿವಮೊಗ್ಗದ ಮಳೆಗಾಲದ ತೇವಕ್ಕೆ ಕಮರ್ಷಿಯಲ್ ಪ್ಲೈ ಪದರ ಬಿಡುತ್ತದೆ.

ವೆಲ್ಡಿಂಗ್ ದಿನ

ಕಾರನ್ನು ರಸ್ತೆಗೆ ಕಳಿಸಿದೆವು. ಗ್ರೈಂಡರಿನ ಕಿಡಿ ಗಾಜಿಗೆ ಬಿದ್ದರೆ ಕರಗಿ ಅಂಟಿಕೊಳ್ಳುತ್ತದೆ, ಒರೆಸಿದರೆ ಹೋಗುವುದಿಲ್ಲ.

ಬೆಸುಗೆಯ ಮೇಲೆ ಕಪ್ಪು ಕಿಟ್ಟ ಕೂತಿರುತ್ತದೆ. ಅದನ್ನು ಕೆರೆಯದೆ ಪೇಂಟ್ ಹೊಡೆದರೆ ಒಳಗೇನಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಜಾಯಿಂಟನ್ನೂ ಚಿಪ್ಪಿಂಗ್ ಸುತ್ತಿಗೆಯಿಂದ ಬಡಿದು, ತಂತಿ ಬ್ರಷ್ ಹಾಕಿ, ಟಾರ್ಚ್ ಬಿಟ್ಟು ನೋಡಿದೆವು. ಹೆಚ್ಚಿನವು ಚೆನ್ನಾಗಿದ್ದವು, ಮೀನಿನ ಹುರುಪೆಯ ಹಾಗೆ ಒಂದೇ ಸಮ. ಮುಂದಿನ ಕಂಬದ ತಲೆಯ ಪ್ಲೇಟಿನಲ್ಲಿ ಮಾತ್ರ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಕೈ ಎಟುಕದ ಜಾಗ, ತಲೆಕೆಳಗಾಗಿ ಹೊಡೆದದ್ದು. ವೆಲ್ಡಿಂಗ್ ಹುಡುಗ ತಾನೇ "ಇದು ಬೇಡ ಸರ್" ಅಂತ ಗ್ರೈಂಡ್ ಮಾಡಿ ತೆಗೆದು, ಏಣಿ ಬದಲಿಸಿಕೊಂಡು ಮತ್ತೆ ಹೊಡೆದ. ಹಿಂದಿನ ಚಾನೆಲ್ಲಿನಲ್ಲಿ ಒಂದು ಜಂತೆ ಬರೀ ಟ್ಯಾಕ್‌ನಲ್ಲಿ (ಹಿಡಿದು ನಿಲ್ಲಿಸಲು ಹಾಕುವ ಚುಕ್ಕೆ ಬೆಸುಗೆ) ನಿಂತಿತ್ತು, ಪೂರ್ತಿ ಬೆಸುಗೆ ಮರೆತೇ ಹೋಗಿತ್ತು. ಪೇಂಟ್ ಆದ ಮೇಲೆ ಅದು ಕಾಣುವುದೇ ಇಲ್ಲ.

ಆಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೋಟ್ ಎನಾಮೆಲ್. ಗೋಡೆಯೊಳಗೆ ಹೋಗುವ ತುದಿಗೆ ಮೊದಲೇ ಪೇಂಟ್ ಮಾಡಿ, ಒಣಗಿದ ಮೇಲೆ ಕೂರಿಸಿದ್ದು. ಒಟ್ಟು ಕಬ್ಬಿಣ 140 ಕೆಜಿ ಆಸುಪಾಸು. ರಾಡಿನ ಯೋಜನೆಗೆ ಇದರ ಅರ್ಧ ಸಾಕಿತ್ತು. ರಾಯರು ಆ ಲೆಕ್ಕವನ್ನು ಈಗಲೂ ನೆನಪಿಸುತ್ತಾರೆ.

ಸಿಮೆಂಟ್ ಚೀಲದ ಪರೀಕ್ಷೆ

ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಅವರ ಹತ್ತಿರ 24 ಚೀಲ ಸಿಮೆಂಟ್ ಒಂದು ದಿನಕ್ಕೆ ಎರವಲು ಕೇಳಿದೆವು. ಐವತ್ತು ಕೆಜಿಯಂತೆ 24 ಚೀಲ ಅಂದರೆ ಸರಿಯಾಗಿ 1,200 ಕೆಜಿ.

ಏರಿಸುವ ಮೊದಲು ಎರಡೂ ಚಾನೆಲ್ಲಿನ ಕೆಳಗೆ ಸೆಂಟ್ರಿಂಗ್ ಜಾಕಿ (ಸ್ಲ್ಯಾಬ್ ಹಾಕುವಾಗ ಆಸರೆಗೆ ನಿಲ್ಲಿಸುವ ಕಬ್ಬಿಣದ ಕಂಬ) ನಿಲ್ಲಿಸಿ, ಚಾನೆಲ್ಲಿಗೂ ಜಾಕಿಗೂ ನಡುವೆ ಒಂದು ಇಂಚು ಸಂದು ಬಿಟ್ಟೆವು. ಏನಾದರೂ ಕೈಕೊಟ್ಟರೆ ಒಂದು ಇಂಚು ಇಳಿದು ಅಲ್ಲೇ ನಿಲ್ಲಬೇಕು. ಮುಂದಿನ ಚಾನೆಲ್ಲಿನ ಪಕ್ಕದಲ್ಲಿ, ಅದನ್ನು ಮುಟ್ಟದ ಹಾಗೆ, ಎರಡು ಮೊಳೆಗೆ ದಾರ ಬಿಗಿದು, ಚಾನೆಲ್ಲಿನ ನಡುವಿಗೆ ಸ್ಕೇಲ್ ಅಂಟಿಸಿದೆವು. ಮೊದಲು 12 ಚೀಲ ಒಂದು ಪದರ. ಕಾದು ನೋಡಿ, ಮೇಲೆ ಇನ್ನೊಂದು ಪದರ. ಕೆಳಗೆ ಯಾರೂ ಹೋಗಬಾರದು ಅಂತ ಗೇಟಿಗೆ ಹಗ್ಗ.

ಅಟ್ಟದ ಸ್ವಂತ ತೂಕಕ್ಕೆ ಆಗಲೇ ತಗ್ಗಿದ್ದನ್ನು ಬಿಟ್ಟರೆ, ಲೆಕ್ಕದ ಪ್ರಕಾರ ಚೀಲಗಳ ಭಾರಕ್ಕೆ 9 ಮಿಲಿಮೀಟರ್ ತಗ್ಗಬೇಕಿತ್ತು. ತಗ್ಗಿದ್ದು 7. ಗೋಡೆಯೊಳಗಿನ ತುದಿ ಗಾರೆಯಲ್ಲಿ ಬಿಗಿಯಾಗಿ ಕೂತದ್ದರಿಂದ ಸ್ವಲ್ಪ ನೆರವಾಗಿದೆ. ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಿಗ್ಗೆಯೂ 7. ಚೀಲ ಇಳಿಸಿದ ಮೇಲೆ ದಾರ ಮೊದಲಿನ ಗೆರೆಗೇ ಬಂತು. ನೋಡಬೇಕಾದದ್ದು ಈ ಕೊನೆಯದನ್ನೇ. ಭಾರ ತೆಗೆದರೂ ವಾಪಸ್ ಬರದಿದ್ದರೆ ಎಲ್ಲೋ ಏನೋ ಶಾಶ್ವತವಾಗಿ ಬಾಗಿದೆ ಅಥವಾ ಕುಸಿದಿದೆ ಅಂತ ಅರ್ಥ.

ಅಡಿಕೆಯ ವಿಷಯ ತೀರ್ಮಾನ ಆದದ್ದೂ ಇದೇ ಪರೀಕ್ಷೆಯಲ್ಲಿ. ಅಟ್ಟಕ್ಕೆ ಅಡಿಕೆ ಹೊರುವ ಶಕ್ತಿ ಇದೆ, ಆದರೆ ಏರಿಸುವುದು ಬೇಡ ಅಂತ ನಾನು ಮೊದಲೇ ಹೇಳಿದ್ದೆ. ನೆಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಮೇಲೆಯೇ ಇರಲಿ ಅಂತ ರಾಯರ ವಾದ. ಅದರಲ್ಲಿ ಅರ್ಥ ಇಲ್ಲದೇ ಇಲ್ಲ. ಸಿಮೆಂಟ್ ಏರಿಸಲು ಗಾರೆ ಕೆಲಸದ ಮೂವರು ಬಂದರು. ದಿನಾ ಮೂಟೆ ಹೊರುವವರು, ಡ್ರಮ್ಮಿನ ಮೇಲೆ ಹಲಗೆ ಹಾಕಿಕೊಂಡು ನಿಂತಿದ್ದರು. ಆದರೂ ಒಂದೊಂದು ಚೀಲ ತಲೆ ದಾಟಿಸಿ ಅಟ್ಟಕ್ಕೆ ತಳ್ಳುವಾಗ ಮೈ ಹಿಂದಕ್ಕೆ ವಾಲುತ್ತಿತ್ತು. ರಾಯರು ಗೇಟಿನ ಹೊರಗೆ ನಿಂತು ನೋಡಿದರು. ಅಡಿಕೆ ಚೀಲ ಅದಕ್ಕಿಂತ 15 ಕೆಜಿ ಜಾಸ್ತಿ. "ಬೇಡ ಬಿಡಿ, ಇಳಿಸೋದು ಇನ್ನೂ ಕಷ್ಟ" ಅಂದರು.

ಅಟ್ಟದ ಕೆಳಗೆ, ಹಿಂದಿನ ಗೋಡೆಯ ಉದ್ದಕ್ಕೂ ಆರು ಇಂಚು ಎತ್ತರದ ಮರದ ಹಲಗೆಯ ಕಟ್ಟೆ ಮಾಡಿಸಿದೆವು. ಗೋಡೆಯಿಂದ ನಾಲ್ಕು ಬೆರಳು ದೂರ, ಅಡಿಯಲ್ಲಿ ಗಾಳಿ ಆಡುತ್ತದೆ. ಅಡಿಕೆ ಅಲ್ಲಿದೆ.

ಬಳಕೆ

ಪರೀಕ್ಷೆ 1,200 ಕೆಜಿಗೆ ಆದರೂ ಮುಂದಿನ ಅಂಚಿನಲ್ಲಿ ಪೇಂಟಿನಿಂದ ಬರೆಸಿದ್ದು "600 ಕೆಜಿ" ಅಂತ. ಬರೆದದ್ದಕ್ಕಿಂತ ಸ್ವಲ್ಪ ಜಾಸ್ತಿ ಇಡುವುದು ನಮ್ಮ ಅಭ್ಯಾಸ. ಆ ಅಭ್ಯಾಸಕ್ಕೆ ಜಾಗ ಬಿಟ್ಟಿದೆ.

ಮುಂದಿನ ಅಂಚಿಗೆ ನಾಲ್ಕು ಇಂಚಿನ ತಡೆಪಟ್ಟಿ ಇದೆ. ಹಂಡೆ ಉರುಳಿ ಬಂದರೆ ಬಾನೆಟ್ ಮೇಲೆ ಬೀಳಬಾರದು. ಚಾನೆಲ್ಲಿನ ತಳ ನೆಲದಿಂದ ಏಳು ಅಡಿ. ರಾಯರ ತಲೆಗೆ ತಾಗುವುದಿಲ್ಲ, ಬಾನೆಟ್ ಎತ್ತಿದರೂ ತಾಗುವುದಿಲ್ಲ. ಆದರೆ ಕಾರನ್ನು ರಿವರ್ಸ್‌ನಲ್ಲಿ ಒಳಗೆ ತಂದರೆ ಡಿಕ್ಕಿ ಬಾಗಿಲು ಎತ್ತಿದಾಗ ಅಟ್ಟಕ್ಕೆ ತೀರಾ ಹತ್ತಿರ ಬರುತ್ತದೆ. ಮುಂದೆ ಮೂತಿ ಮಾಡಿಯೇ ನಿಲ್ಲಿಸಬೇಕು. ನೆಲದಲ್ಲಿ ಮುಂದಿನ ಚಕ್ರಕ್ಕೆ ತಡೆಯಾಗಿ ಕಾಂಕ್ರೀಟಿನ ಒಂದು ಏಣು ಹಾಕಿದ್ದೇವೆ, ಕಂಬಕ್ಕೂ ಅಡಿಕೆಗೂ ಬಂಪರ್ ತಾಗದ ಹಾಗೆ.

ಏಣಿ ಅಲ್ಯೂಮಿನಿಯಂದು. ಮುಂದಿನ ಚಾನೆಲ್ಲಿಗೆ ಎರಡು ಕೊಕ್ಕೆ ಬೆಸೆದಿದೆ, ಏಣಿಯ ಮೇಲಿನ ಮೆಟ್ಟಿಲು ಅದರಲ್ಲಿ ಕೂರುತ್ತದೆ. ಏಳಡಿ ಎತ್ತರಕ್ಕೆ ಏಣಿಯ ಬುಡ ಒಂದೂಮುಕ್ಕಾಲು ಅಡಿ ಹೊರಗೆ ಇರಬೇಕು, ನೆಲದಲ್ಲಿ ಹಳದಿ ಗೆರೆ ಎಳೆದಿದೆ. ಇದು ರಾಯರಿಗಿಂತ ಅವರ ಮೊಮ್ಮಗನಿಗೆ ಜಾಸ್ತಿ ಬೇಕಾದ ಗೆರೆ.

ಯಾವುದು ಎಲ್ಲಿ ಅನ್ನುವುದನ್ನು ಅವರ ಮನೆಯವರು ನಿರ್ಧರಿಸಿದರು. ವರ್ಷಕ್ಕೊಮ್ಮೆ ಬೇಕಾಗುವ ಗೊಂಬೆ ಪೆಟ್ಟಿಗೆಗಳು ಹಿಂದೆ. ಅವಕ್ಕೆ ಹಗ್ಗದ ಹಿಡಿ ಕಟ್ಟಿದ್ದಾರೆ, ಕೊಕ್ಕೆ ಕೋಲಿನಿಂದ ಮುಂದಕ್ಕೆ ಎಳೆಯಬಹುದು. ಸೂಟ್‌ಕೇಸ್ ಮುಂದೆ. ಪುಸ್ತಕದ ಡಬ್ಬಗಳನ್ನು ಬಿಚ್ಚಿ ಹದಿನೈದು ಕೆಜಿ ದಾಟದ ಹಾಗೆ ಹಂಚಿ, ಮನೆಯ ಗೋಡೆಯ ಕಡೆಯ ತುದಿಗೆ ಇಟ್ಟಿದ್ದಾರೆ. ಪೇಂಟ್ ಡಬ್ಬ, ಥಿನ್ನರ್, ಪೆಟ್ರೋಲ್ ಕ್ಯಾನು, ಗ್ಯಾಸ್ ಸಿಲಿಂಡರ್ ಮೇಲೆ ಇಡಬಾರದು ಅಂತ ನಾನು ಹೇಳಿದ್ದು. ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗಿನ ಆ ಜಾಗ ಕೈ ಇಡಲಾಗದಷ್ಟು ಕಾಯುತ್ತದೆ.

ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದೆ. ಗೂಡಿನ ಸುತ್ತ ಗೋಡೆಯಲ್ಲಿ ಬಿರುಕಿಲ್ಲ. ಕಂಬದ ಬುಡದಲ್ಲಿ, ಕಾರು ತೊಳೆದ ನೀರು ನಿಲ್ಲುವ ಕಡೆ ಬೇಸ್ ಪ್ಲೇಟಿನ ಅಂಚು ತುಕ್ಕು ಹಿಡಿದಿತ್ತು. ಕೆರೆದು ರೆಡ್ ಆಕ್ಸೈಡ್ ಹಚ್ಚಿ, ಸುತ್ತ ಸಿಮೆಂಟಿನ ಸಣ್ಣ ಇಳಿಜಾರು ಮಾಡಿಸಿದೆ. ಬೋಲ್ಟುಗಳಲ್ಲಿ ಒಂದು ಅರ್ಧ ಸುತ್ತು ತಿರುಗಿತು, ಉಳಿದವು ಬಿಗಿಯಾಗಿದ್ದವು.

ಮಗನಿಗೆ ಈಗ ಮುಂದಿನ ಚಾನೆಲ್ಲಿಗೆ ಕೊಕ್ಕೆ ಹಾಕಿ ಎರಡು ಸೈಕಲ್ ನೇತುಹಾಕುವ ಆಸೆ. ತೂಕ ಲೆಕ್ಕಕ್ಕೇ ಇಲ್ಲ, ಒಂದು ಸೈಕಲ್ 15 ಕೆಜಿ. ಆದರೆ ನೇತಾಡುವ ಪೆಡಲ್ ರಾಯರ ಹಣೆಯ ಮಟ್ಟಕ್ಕೆ ಬರುತ್ತದೆ. ಕಂಬದ ಪಕ್ಕದಲ್ಲಿ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ನೆಲದ ಮೇಲೆಯೇ ನಿಲ್ಲಿಸುವ ಸ್ಟ್ಯಾಂಡ್ ಮಾಡಿಸಿ ಅಂದಿದ್ದೇನೆ. ವೆಲ್ಡಿಂಗ್ ಹುಡುಗ ಅಳತೆ ತೆಗೆದುಕೊಂಡು ಹೋಗಿದ್ದಾನೆ.